ಸಸಿಗೆ ಬಿಸಿಲು ಉಣಿಸುವುದು

ನನ್ನ ಮೊಮ್ಮಗನ ಹೆಂಡತಿ ಶೈಲಜಾ ಮೊಸರಿನ ಪ್ಲಾಸ್ಟಿಕ್ ಡಬ್ಬಿಗಳನ್ನು ಎಸೆಯುವುದಿಲ್ಲ. ತೊಳೆದು, ಕಾಯಿಸಿದ ಮೊಳೆಯಿಂದ ತಳಕ್ಕೆ ತೂತು ಹಾಕಿ, ಮಣ್ಣು ತುಂಬಿ, ಕಿಟಕಿಯ ಒಳಗಡೆ ಸಾಲಾಗಿ ಇಟ್ಟಿದ್ದಾಳೆ. ಒಂದರಲ್ಲಿ ಬದನೆ, ಒಂದರಲ್ಲಿ ಟೊಮ್ಯಾಟೊ, ಇನ್ನೊಂದರಲ್ಲಿ ಚೆಂಡುಹೂ. ಬೀಜ ಅಂಗಡಿಯದು, ಬಣ್ಣದ ಚಿತ್ರದ ಪೊಟ್ಟಣ. ಆ ಚಿತ್ರದಲ್ಲಿರುವಂಥ ಬದನೆಕಾಯಿಯನ್ನು ನಾನು ಚನ್ನಗಿರಿ ಸಂತೆಯಲ್ಲಿ ಈವರೆಗೆ ಕಂಡಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಸಸಿ ಗೇಣುದ್ದ ಆಗಿರಬೇಕಂತೆ, ಆಮೇಲೆ ಹಿತ್ತಲಿಗೆ ನಡುತ್ತಾಳಂತೆ. ಹಿತ್ತಲು ಎಂದರೆ ಎರಡು ಎಮ್ಮೆ ಮಲಗುವಷ್ಟು ಜಾಗ.

ಮೊನ್ನೆ ಬೆಳಿಗ್ಗೆ ಒಂದು ಡಬ್ಬಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಅಜ್ಜಿ, ಇವು ಯಾಕೋ ಬೆಳ್ಳಗೆ, ಉದ್ದಕ್ಕೆ ಹೋಗಾಕೆ ಹತ್ಯಾವೆ. ಹೊರಗೆ ಬಿಸಿಲಿಗೆ ಇಡ್ಲಾ?"

ನಾನು ಡಬ್ಬಿಯನ್ನೇ ನೋಡುತ್ತಿದ್ದೆ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಅವಳು ಇನ್ನೊಂದು ಸಲ ಗಟ್ಟಿಯಾಗಿ ಕೇಳಿದಳು. ನನ್ನ ಕಿವಿ ಚೆನ್ನಾಗಿಯೇ ಇದೆ. ಬೇಡವಾದಾಗ ಕೇಳಿಸಿಕೊಳ್ಳದೆ ಇರುವುದನ್ನೂ ಕಲಿತಿದ್ದೇನೆ. ಡಬ್ಬಿಯಲ್ಲಿದ್ದದ್ದು ಚೆಂಡುಹೂವಿನ ಸಸಿ. ದಾರದಂಥ ಕಾಂಡ, ತುದಿಗೆ ಎರಡು ಎಲೆ, ಎಲ್ಲವೂ ಕಿಟಕಿಯ ಕಡೆಗೆ ಕತ್ತು ಚಾಚಿ ನಿಂತಿದ್ದವು. ಅಂಥ ಸಸಿಯನ್ನು ನಾನು ಮೊದಲು ನೋಡಿದ್ದು ನ್ಯಾಮತಿಯ ನನ್ನ ಅತ್ತೆಯ ಮನೆಯಲ್ಲಿ, ಎರಡನೆಯ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಅಲ್ಲಿಯೂ ಇದೇ ಪ್ರಶ್ನೆ ಇತ್ತು. ಹೊರಗೆ ಇಡುವುದೋ ಬೇಡವೋ.

ನನ್ನ ಅಕ್ಷರದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಗ ಶಾಲೆಗೆ ಹೋಗುವಾಗ ಅವನ ಸ್ಲೇಟಿನ ಪಕ್ಕ ಕೂತು ಕಲಿತದ್ದು. ನನಗೆ ಒತ್ತಕ್ಷರ ಬರುವಷ್ಟರಲ್ಲಿ ಅವನು ಮುಂದಿನ ಕ್ಲಾಸಿಗೆ ಹೋಗಿಬಿಟ್ಟ, ನಾನು ಅಲ್ಲೇ ಉಳಿದೆ. ಈಗ ಒತ್ತು ತಪ್ಪಿದ್ದನ್ನು ಮೊಮ್ಮಗ ತಿದ್ದುತ್ತಾನೆ. ಅತ್ತೆಯನ್ನು 'ಬಂದರು, ಹೋದರು' ಎಂದು ಬರೆಯಬೇಕು ಎಂದು ಅದನ್ನೂ ತಿದ್ದಲು ಬಂದ. ಅದನ್ನು ಮಾತ್ರ ಮುಟ್ಟಬೇಡ ಎಂದೆ. ಎದುರಿಗಿದ್ದಾಗ ರೀ ಎನ್ನುತ್ತಿದ್ದೆ. ಬೆನ್ನ ಹಿಂದೆ ಎಂದೂ ಅಂದವಳಲ್ಲ, ಈಗ ಯಾಕೆ ಶುರು ಮಾಡಲಿ.

ನಾನು ಹುಟ್ಟಿದ್ದು ಜಗಳೂರಿನ ಕಡೆ. ಅಲ್ಲಿ ಬೀಜಕ್ಕೆ ಉಪಚಾರ ಎಂಬುದಿರಲಿಲ್ಲ. ಮಳೆ ಬಂದರೆ ಬೀಜ ನೆಲಕ್ಕೆ, ಬರದಿದ್ದರೆ ಹೊಟ್ಟೆಗೆ. ಹೂವು ಎಂದರೆ ಬೇಲಿಯಲ್ಲಿ ತಾನಾಗಿ ಅರಳುವ ತಂಗಟೆ ಹೂ, ಅದನ್ನೂ ಕುರಿ ಬಿಟ್ಟರೆ ನಮಗೆ. ನಾನು ಚಿಕ್ಕವಳಿದ್ದಾಗ ಅಮ್ಮ ಬಂದಿದ್ದಳು. ಸಿಡುಬನ್ನು ನಮ್ಮ ಕಡೆ ಹೆಸರು ಹಿಡಿದು ಕರೆಯುವುದಿಲ್ಲ, ಅಮ್ಮ ಎನ್ನುತ್ತೇವೆ. ಬಂದವಳು ನನ್ನನ್ನು ಬಿಟ್ಟು ಹೋದಳು, ಮುಖದ ತುಂಬ ಗುರುತು ಇಟ್ಟು ಹೋದಳು. ಹೆಣ್ಣು ನೋಡಲು ಬಂದ ದಿನ ನನ್ನ ಅವ್ವ ಉಪಾಯ ಮಾಡಿ ನನ್ನನ್ನು ಒಳಗಿನ ಕತ್ತಲೆಯಲ್ಲಿ ಕೂರಿಸಿದ್ದಳು. ಅತ್ತೆ ಅವಳಿಗಿಂತ ಉಪಾಯಗಾರ್ತಿ. ಹಗಲು ಹೊತ್ತಿನಲ್ಲೇ ದೀಪ ತರಿಸಿದಳು. ನೋಡಿ, "ಮಾರಿ ಜರಡಿ ಆಗೈತೆ, ಕೈ ಗಟ್ಟಿ ಅದಾವೆ, ಇರ್ಲಿ" ಎಂದಳು. ನನ್ನ ಮದುವೆಯ ಮಾತುಕತೆ ಅಷ್ಟೇ.

ನ್ಯಾಮತಿಯ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಮಾವ ಮೊದಲೇ ತೀರಿಕೊಂಡಿದ್ದ. ಅತ್ತೆ, ನನ್ನ ಗಂಡ, ನಾನು, ನಾದಿನಿ ಪುಟ್ಟವ್ವ. ಪುಟ್ಟವ್ವನಿಗೆ ಒಂಬತ್ತೋ ಹತ್ತೋ ವಯಸ್ಸು. ಊರ ಹೊರಗೆ ಬಾವಿ ಇದ್ದ ಒಂದು ಹೊಲ, ಅದರಲ್ಲಿ ಮೆಣಸಿನ ಗಿಡ, ಬದನೆ. ಅದೇ ಜೀವನ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಬೀಜ ಹಾಕಿದವರಿಗಿಂತ, ಆ ಹೊತ್ತಿಗೆ ಸಸಿಯನ್ನೇ ಕೈಯಲ್ಲಿ ಹಿಡಿದು ನಿಂತವರು ಮುಂದೆ. ಆದರೆ ಯುಗಾದಿಯ ಮುಂದಿನ ಬಿಸಿಲಿನಲ್ಲಿ ಹೊರಗೆ ಸಸಿ ಏಳುವುದಿಲ್ಲ. ಎದ್ದರೆ ಕೋಳಿ ಕೆದಕುತ್ತದೆ. ಅದಕ್ಕೆ ಸಸಿಯನ್ನು ಮನೆಯೊಳಗೆ ಮಾಡುತ್ತಿದ್ದರು. ನನಗೆ ಮೊದಲ ವರ್ಷ ಇದನ್ನು ನೋಡಿ ನಗು ಬಂದಿತ್ತು. ನಕ್ಕಿದ್ದಕ್ಕೆ ಅತ್ತೆ, "ನಿಮ್ಮೂರಾಗೆ ಬೀಜ ಬಿತ್ತೋದಲ್ಲ, ಚೆಲ್ಲೋದು" ಎಂದಳು.

ಅವಳ ಬೀಜವೆಲ್ಲ ಗೋಡೆಯ ಮೇಲೆ ಇರುತ್ತಿತ್ತು. ಹೀರೆ, ಕುಂಬಳ, ಸೌತೆಯ ಬೀಜವನ್ನು ಸಗಣಿಯ ಮುದ್ದೆಯಲ್ಲಿ ಒತ್ತಿ ಅಡಿಗೆಮನೆಯ ಗೋಡೆಗೆ ಬಡಿದಿರುತ್ತಿದ್ದಳು. ಗೋಡೆಗೆ ಗಂಟು ಎದ್ದಂತೆ ಕಾಣುತ್ತಿತ್ತು. ಹೊಗೆ ತಿಂದು ತಿಂದು ಅವು ಕಲ್ಲಾಗುತ್ತಿದ್ದವು, ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಕಾಳಿನ ಬೀಜಕ್ಕೆ ಬೇರೆ, ಆಳೆತ್ತರದ ಮಣ್ಣಿನ ಗುಡಾಣ ಒಂದಿತ್ತು. ಅದಕ್ಕೆ ಬೂದಿ, ಒಣಗಿದ ಬೇವಿನ ಸೊಪ್ಪು ಬೆರೆಸಿ ಬೀಜ ತುಂಬುತ್ತಿದ್ದಳು. ಆ ಗುಡಾಣದ ಮಾತು ಮುಂದೆ ಬರುತ್ತದೆ.

ಮೆಣಸಿನ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನ ಗಡಿಗೆಯ ಕೆಳಗಿನ ಹಸಿ ಮರಳಿನಲ್ಲಿ ಹೂಳುತ್ತಿದ್ದಳು. ದಿನಾ ಬೆಳಿಗ್ಗೆ ಅದನ್ನು ಕೈಯಲ್ಲಿ ಹಿಡಿದು ನೋಡುವುದು, ಬಿರಿದಿದ್ದರೆ ಬಿಚ್ಚುವುದು, ಇಲ್ಲದಿದ್ದರೆ ಮತ್ತೆ ಹೂಳುವುದು. ಬಿರಿದ ಬೀಜವನ್ನು ಒಡಕು ಗಡಿಗೆಯ ತಳಗಳಲ್ಲಿ ಹಾಕಿ, ನಡುಮನೆಯ ಬೆಳಕಿಂಡಿಯ ಕೆಳಗೆ ಜೋಡಿಸುತ್ತಿದ್ದಳು. ಕೊಡದಿಂದ ನೀರು ಹೊಯ್ಯುವ ಹಾಗಿಲ್ಲ, ಬೇವಿನ ಟೊಂಗೆ ಅದ್ದಿ ಚಿಮುಕಿಸಬೇಕು. ನಾನು ಒಂದು ಸಲ ತಂಬಿಗೆಯಿಂದ ಹೊಯ್ದು, ಬೀಜವೆಲ್ಲ ಒಂದು ಮೂಲೆಗೆ ತೇಲಿ ಹೋಗಿ, ಆ ದಿನ ಊಟಕ್ಕಿಂತ ಹೆಚ್ಚಾಗಿ ಬೈಗುಳ ತಿಂದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಲು ಉಣಿಸುವುದು. ಹಾಗೆ ಅನ್ನುತ್ತಿದ್ದದ್ದು ಅತ್ತೆ. ಸಸಿಗೆ ನಾಲ್ಕು ಎಲೆ ಬಂದ ಮೇಲೆ ಬೆಳಿಗ್ಗೆ ಎಳೆ ಬಿಸಿಲಿಗೆ ಅಂಗಳದಲ್ಲಿ ಇಟ್ಟು ಬೇಗ ಒಳಗೆ ತರುವುದು. ಮರುದಿನ ಸ್ವಲ್ಪ ಹೆಚ್ಚು ಹೊತ್ತು, ಅದರ ಮರುದಿನ ಇನ್ನೂ ಹೆಚ್ಚು. "ಕೂಸಿಗೆ ಅನ್ನ ಕಲಿಸಿದಂಗೆ" ಎನ್ನುತ್ತಿದ್ದಳು. "ಮೊದ್ಲ ದಿನಾನೇ ಹೊಟ್ಟೆ ತುಂಬ ಕೊಟ್ರೆ ಸಾಯ್ತೈತೆ. ಒಂದು ದಿನಾನೂ ಕೊಡ್ದಿದ್ರೂ ಸಾಯ್ತೈತೆ." ಹೀಗೆ ಮಾಡಿದ ಸಸಿ ಹೊಲಕ್ಕೆ ಹೋದರೆ ಮುಂಗಾರಿನ ಬಿಸಿಲು ಮಳೆ ಎರಡಕ್ಕೂ ಜಗ್ಗುತ್ತಿರಲಿಲ್ಲ.

ಪುಟ್ಟವ್ವ ತನಗೊಂದು ಕುಂಡ ಬೇಕು ಎಂದು ಹಠ ಹಿಡಿದದ್ದು ನಾನು ಹೋದ ಮೂರನೆಯ ಬೇಸಿಗೆಯಲ್ಲಿ. ಅವಳಿಗೆ ಬೇಕಾಗಿದ್ದದ್ದು ಚೆಂಡುಹೂ.

"ಹೂವು ಹೊಟ್ಟೆ ತುಂಬಿಸ್ತೈತೇನೇ?" ಎಂದಳು ಅತ್ತೆ.

"ಮೆಣಸಿನಕಾಯಿನೂ ತುಂಬಿಸಲ್ಲ ಬಿಡವ್ವ, ಉರಿಸ್ತೈತೆ" ಎಂದಳು ಮಗಳು.

ಅತ್ತೆಗೆ ಎದುರುತ್ತರ ಕೊಟ್ಟು ಬದುಕಿದವಳು ಆ ಮನೆಯಲ್ಲಿ ಅವಳೊಬ್ಬಳೇ. ಅದೇ ವಾರ ನನ್ನ ಮದುವೆಯ ಗಡಿಗೆ ಒಡೆದಿತ್ತು. ಮದುವೆಗೆಂದು ಕುಂಬಾರರು ಸುಣ್ಣದ ಚಿತ್ತಾರ ಬರೆದುಕೊಟ್ಟ ಗಡಿಗೆ ಅದು. ಅದರ ತಳ ಅವಳ ಪಾಲಿಗೆ ಬಂತು. ಚಿತ್ತಾರದ ಚುಕ್ಕೆ ಒಂದೆರಡು ಇನ್ನೂ ಉಳಿದಿದ್ದವು. ಬೀಜ ಹಾಕಿದ ದಿನದಿಂದ ಅವಳಿಗೆ ಬೇರೆ ಕೆಲಸ ಇರಲಿಲ್ಲ. ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು, ಮಣ್ಣು ಕೆದಕಿ ನೋಡುವುದು, ನನ್ನ ಕೈಯಲ್ಲಿ ಪೆಟ್ಟು ತಿನ್ನುವುದು.

"ಅತ್ಗೆ, ನನ್ನವು ಎದ್ದಾವಾ?"

"ನೀನು ಹಿಂಗೆ ದಿನಾ ಎಬ್ಬಿಸಿದ್ರೆ ಸಿಟ್ಟು ಬಂದು ಅಲ್ಲೇ ಮಲಗ್ತಾವೆ."

ಎದ್ದವು. ನಾಲ್ಕು ಎಲೆಯೂ ಬಂದವು. ಎಲ್ಲ ಕುಂಡಗಳಿಗೂ ಬಿಸಿಲು ಉಣಿಸಲು ಶುರು ಮಾಡಿದ್ದೆವು. ಆಗ ಪುಟ್ಟವ್ವನಿಗೆ ಜ್ವರ ಬಂತು, ಜ್ವರದ ಹಿಂದೆಯೇ ಮೈ ತುಂಬ ಗುಳ್ಳೆ ಎದ್ದವು. ಅಮ್ಮ ಬಂದಿದ್ದಳು.

ಇಲ್ಲಿ ಹಿಂದಿನ ವರ್ಷದ ಒಂದು ಸಂಗತಿ ಹೇಳಬೇಕು. ಅದು ನಡೆದಾಗ ನಗುವ ಸಂಗತಿಯಾಗಿತ್ತು. ಶ್ರಾವಣದಲ್ಲಿ ಊರಿಗೆ ದಾಕು ಹಾಕುವವನು ಬಂದ, ಸಿಡುಬು ಬರದಂತೆ ಮಕ್ಕಳ ತೋಳಿಗೆ ಚುಚ್ಚುವ ಸರ್ಕಾರದ ಮನುಷ್ಯ. ಅವನು ಬಂದರೆ ಊರಿನ ಮಕ್ಕಳೆಲ್ಲ ಮಾಯವಾಗುತ್ತಿದ್ದರು. ಯಾರದೋ ಮಗುವಿನ ತೋಳು ಬಾತು ಜ್ವರ ಬಂದಿತ್ತು ಎಂಬ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಬಿತ್ತನೆ ಮುಗಿದಿದ್ದರಿಂದ ನಮ್ಮ ಬೀಜದ ಗುಡಾಣ ಖಾಲಿ ಇತ್ತು. ಅತ್ತೆ ಪುಟ್ಟವ್ವನನ್ನು ಎತ್ತಿ ಅದರೊಳಗೆ ಇಳಿಸಿ, ಮೇಲೆ ಮೊರ ಮುಚ್ಚಿದಳು.

"ಮದ್ವಿ ಆಗೋ ಹುಡುಗಿ. ತೋಳ ಮ್ಯಾಲೆ ಗುರ್ತು ಬಿದ್ರೆ ಯಾರು ಮಾಡ್ಕೋತಾರೆ?" ಎಂದಳು.

ನನ್ನ ಮುಖ ನೋಡಿಕೊಂಡೇ ಈ ಮಾತು ಆಡಿದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಂದವನಿಗೆ ಮಜ್ಜಿಗೆ ಕೊಡು ಎಂದಳು, ಕೊಟ್ಟೆ. ಅವನು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುವಾಗ ಒಳಗೆ ಬೂದಿ ಮೂಗಿಗೆ ಹೋಗಿ ಪುಟ್ಟವ್ವ ಸೀನಿದಳು. ಗುಡಾಣದೊಳಗಿನ ಸೀನು ಗುಡುಗಿನ ಹಾಗೆ ಕೇಳಿಸಿತು.

"ಅದೇನ್ರೀ ಅಮ್ಮ?"

"ಬೆಕ್ಕು" ಎಂದಳು ಅತ್ತೆ.

"ಬೆಕ್ಕಿಗೆ ನೆಗಡಿ ಜೋರಾಗಿ ಐತೆ ಬಿಡ್ರಿ" ಎಂದು ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಅವನಿಗೂ ಕೆಸರಲ್ಲಿ ನಡೆದು ಸಾಕಾಗಿತ್ತು. ಗುಡಾಣದಿಂದ ತೆಗೆದಾಗ ಪುಟ್ಟವ್ವ ತಲೆಯಿಂದ ಕಾಲಿನವರೆಗೆ ಬೂದಿ, ಕಣ್ಣು ಮಾತ್ರ ಕಾಣುತ್ತಿದ್ದವು. ಆ ದಿನ ಅತ್ತೆ ನಕ್ಕಷ್ಟು ಮತ್ತೆ ಎಂದೂ ನಗಲಿಲ್ಲ. ನಾನೂ ನಕ್ಕೆ.

ಅಮ್ಮ ಬಂದ ಮನೆಗೆ ಕಟ್ಟಳೆ ಬಹಳ. ಬಾಗಿಲಿಗೆ ಬೇವಿನ ಸೊಪ್ಪು. ಒಗ್ಗರಣೆ ಹಾಕುವಂತಿಲ್ಲ, ತಲೆ ಬಾಚುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಮನೆಯೊಳಗಿನದು ಏನೂ ಹೊಸಿಲು ದಾಟುವಂತಿಲ್ಲ. ಒಂದು ಹರಳು ಉಪ್ಪು ಹೊರಗೆ ಹೋದರೂ ಅಮ್ಮನಿಗೆ 'ಹೊರಡು' ಎಂದು ಹೇಳಿದ ಹಾಗೆ, ಹಾಗೆ ಹೇಳಿಸಿಕೊಂಡರೆ ಅವಳು ಮುನಿದು ಕೂಸನ್ನೇ ಜೊತೆಗೆ ಕರೆದೊಯ್ಯುತ್ತಾಳೆ ಎಂದು ನಂಬಿಕೆ. ಗಂಡ ಹೊಲದ ಗುಡಿಸಲಿಗೆ ಹೋದ. ನನಗೆ ಒಮ್ಮೆ ಬಂದು ಹೋಗಿದ್ದರಿಂದ ಮತ್ತೆ ಬರುವ ಭಯ ಇರಲಿಲ್ಲ. ಪುಟ್ಟವ್ವನನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಜರಡಿ ಮುಖ ಆ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ನಡುಮನೆಯಲ್ಲೇ ಬೇವಿನ ಸೊಪ್ಪು ಹರಡಿ, ಹಳೆ ಸೀರೆ ಹಾಸಿ ಮಲಗಿಸಿದ್ದೆವು. ನವೆ ಎದ್ದಾಗ ಬೇವಿನ ಟೊಂಗೆಯಿಂದ ಸವರಬೇಕು. ಸಸಿಗೆ ನೀರು ಚಿಮುಕಿಸುವುದೂ ಬೇವಿನ ಟೊಂಗೆಯಿಂದಲೇ. ದಿನವಿಡೀ ನನ್ನ ಕೈಯಲ್ಲಿ ಒಂದು ಟೊಂಗೆ ಇರುತ್ತಿತ್ತು. ಆ ಕಡೆ ತಿರುಗಿದರೆ ಹುಡುಗಿ, ಈ ಕಡೆ ತಿರುಗಿದರೆ ಸಸಿ.

ಕುಂಡಗಳೂ ಮನೆಯೊಳಗಿನವೇ. ಹೊಸಿಲು ದಾಟುವಂತಿಲ್ಲ. ಬಿಸಿಲು ನಿಂತ ಸಸಿಗಳು ಬೆಳಕಿಂಡಿಯ ಕಡೆಗೆ ಕತ್ತು ಚಾಚತೊಡಗಿದವು. ಬಿಳಿಚಿಕೊಂಡವು, ಒಂದರ ಮೇಲೊಂದು ಒರಗಿದವು. ಹೀಗೇ ಬಿಟ್ಟರೆ ಒಂದೂ ಉಳಿಯುವುದಿಲ್ಲ ಎಂದು ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವುಗಳ ಮುಂದೆ ಹೋಗುವಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

"ಅತ್ಗೆ, ಅವುನ್ನ ಹೊರಗೆ ಇಡ್ಲಿಲ್ವಾ?" ಎಂದು ಪುಟ್ಟವ್ವ ಮಲಗಿದಲ್ಲಿಂದಲೇ ಕೇಳುವಳು.

"ನೀನೂ ಹೋಗಿಲ್ಲಲ್ಲ ಹೊರಗೆ."

"ನಾನು ಹೋಗ್ದಿದ್ರೆ ಏನಾತು, ಅವಾದ್ರೂ ಹೋಗ್ಲಿ."

ಗುಳ್ಳೆ ಬಲಿತಂತೆ ಅವಳ ಕಣ್ಣು ಮುಚ್ಚಿಕೊಂಡವು. ರೆಪ್ಪೆ ಬಾತು ತೆರೆಯಲು ಬರುತ್ತಿರಲಿಲ್ಲ. ಕಾಣದಾದ ಮೇಲೆ ಕುಂಡದ ಮಾತು ಬಿಡುತ್ತಾಳೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅತ್ತೆ ಅವಳ ಬಾಯಿಗೆ ಎಳನೀರು ಬಿಡುತ್ತಿದ್ದಳು. ಒಂದು ಗುಟುಕು ಒಳಗೆ ಹೋದರೆ ಎರಡು ಹೊರಗೆ ಬರುತ್ತಿತ್ತು.

"ಅವ್ವ, ನನ್ನ ಕುಂಡ ಬಿಸಿಲಿಗೆ ಇಟ್ಟೆಯಾ?"

"ಇಟ್ಟೀನಿ ಕಣವ್ವ."

"ಸುಳ್ಳು ಹೇಳ್ತಿ. ಅದ್ರ ಎಲೆ ವಾಸ್ನೆ ಇಲ್ಲೇ ಬರ್ತೈತೆ."

ಅತ್ತೆ ಎಳನೀರಿನ ಬಟ್ಟಲು ಕೆಳಗಿಟ್ಟಳು. ಆಮೇಲೆ ಎದ್ದು ಚಿತ್ತಾರದ ಚುಕ್ಕೆಯ ಆ ಒಂದು ಕುಂಡವನ್ನು ಎತ್ತಿಕೊಂಡಳು. ನಾನು ಬಾಗಿಲ ಹತ್ತಿರ ಇದ್ದೆ. ನನ್ನ ಕಡೆ ನೋಡಲಿಲ್ಲ. ಹೊಸಿಲ ಹತ್ತಿರ ನಿಂತು ಒಂದು ಕೈಯಿಂದ ಎರಡೂ ಕೆನ್ನೆ ಮುಟ್ಟಿಕೊಂಡು, "ತಾಯಿ, ನಿನಗಲ್ಲ ಹೇಳಿದ್ದು, ನೀನು ಇರು. ಇದು ಬರೀ ಹೂವಿನ ಗಿಡ" ಎಂದಳು. ದಾಟಿದಳು. ಅಂಗಳದ ಹುಣಸೆಮರದ ಚದುರಿದ ನೆರಳಿನಲ್ಲಿ ಕುಂಡ ಇಟ್ಟು ಬಂದಳು. ನಮ್ಮ ಮನೆಯಲ್ಲಿ ಮಾತ್ರವಲ್ಲ, ಆ ಕೇರಿಯಲ್ಲಿಯೇ ಕಟ್ಟಳೆಯನ್ನು ಅವಳಷ್ಟು ಗಟ್ಟಿಯಾಗಿ ಹಿಡಿದವರು ಇರಲಿಲ್ಲ. ಪಕ್ಕದ ಮನೆಯವಳು ಬೆಂಕಿ ಕೇಳಿದ್ದಕ್ಕೆ ಹಿಂದಿನ ದಿನವಷ್ಟೇ ಬೈದು ಕಳಿಸಿದ್ದಳು.

ಪುಟ್ಟವ್ವ ಮೂಗು ಅರಳಿಸಿ ಮೂಸಿದಳು. "ಈಗ ಹೋತು" ಎಂದಳು.

ಆ ವಾರ ಮುಗಿಯುವುದರೊಳಗೆ ಅವಳೂ ಹೋದಳು. ಸಂಜೆ, ದೀಪ ಹಚ್ಚುವುದಕ್ಕೆ ಮುಂಚೆ. ನನ್ನ ಕೈಯಲ್ಲಿ ಬೇವಿನ ಟೊಂಗೆ ಇತ್ತು. ಸ್ವಲ್ಪ ಹೊತ್ತು ಸವರುತ್ತಲೇ ಇದ್ದೆ, ಆಮೇಲೆ ಗೊತ್ತಾಯಿತು. ಹೆಚ್ಚು ಬರೆಯುವುದಿಲ್ಲ. ಸತ್ತವರನ್ನು ವರ್ಣಿಸಿ ಬರೆಯುವುದರಿಂದ ಯಾರಿಗೂ ಏನೂ ಆಗುವುದಿಲ್ಲ.

ಶಾಂತಿ ಮಾಡಿ, ಮೊಸರನ್ನದ ಎಡೆ ಇಟ್ಟು ಅಮ್ಮನನ್ನು ಊರ ಗಡಿ ದಾಟಿಸಿದ ಮೇಲೆ ಉಳಿದ ಕುಂಡಗಳನ್ನು ಹೊರಗೆ ಇಟ್ಟೆವು, ಹೊತ್ತಿಗೆ ಒಳಗೆ ತರಲಿಲ್ಲ. ಮಧ್ಯಾಹ್ನದೊಳಗೆ ಮೆಣಸು, ಬದನೆ ಎಲ್ಲ ಸಸಿ ಬೇಯಿಸಿದ ಸೊಪ್ಪಿನ ಹಾಗೆ ಮಲಗಿದವು. ಆ ವರ್ಷ ಗಂಡ ಸಾಸ್ವೆಹಳ್ಳಿಗೆ ಹೋಗಿ ಯಾರದೋ ಮಡಿಯಲ್ಲಿ ಉಳಿದ ಸಸಿ ತಂದ. ಮೊದಲೇ ಹೊರಗಿದ್ದ ಚೆಂಡುಹೂವಿನ ಕುಂಡದ ನೆನಪು ಯಾರಿಗೂ ಇರಲಿಲ್ಲ. ಹುಣಸೆಯ ನೆರಳಿನಲ್ಲಿ ಬಿಸಿಲು ಸ್ವಲ್ಪ ಸ್ವಲ್ಪವೇ ತಿಂದು, ಮಳೆ ಕುಡಿದು ಅದು ಬದುಕಿಬಿಟ್ಟಿತು. ದಸರೆಯ ಹೊತ್ತಿಗೆ ಕುಂಡ ಕಾಣದಷ್ಟು ಹೂವು.

ಅತ್ತೆ ಆ ಕಡೆ ಹೋಗುವುದನ್ನೇ ಬಿಟ್ಟಳು. ಅಂಗಳ ಗುಡಿಸಿದರೂ ಹುಣಸೆಮರದ ಆಚೆ ಬಿಟ್ಟು ಗುಡಿಸುವಳು. ಆಯುಧಪೂಜೆಗೆ ಹೂ ಬೇಕಲ್ಲ, ನಾನೇ ಕಿತ್ತು ನೇಗಿಲಿಗೆ ಹಾಕಿದೆ. ಎಂಥ ಎದೆ ಇವಳದು ಎಂದು ಕೇರಿಯಲ್ಲಿ ಅಂದುಕೊಂಡರಂತೆ. ಹೂವಿಗೇನು ಗೊತ್ತು. ಹೊನ್ನಾಳಿ ಸಂತೆಯಿಂದ ಕೊಂಡು ತಂದಿದ್ದರೆ ಅದೇನು ಬೇರೆ ಬಣ್ಣ ಇರುತ್ತಿತ್ತೇ. ಮುಂದಿನ ಯುಗಾದಿಗೆ ಅತ್ತೆ ಬೀಜದ ಗಂಟನ್ನು ನನ್ನ ಮುಂದೆ ಇಟ್ಟು, "ಇನ್ನು ನೀನೇ ಮಾಡು, ನನ್ನ ಕೈ ಬ್ಯಾಡ" ಎಂದಳು. ಅಲ್ಲಿಂದ ಸಸಿ ನನ್ನ ಕೆಲಸವಾಯಿತು.

ಆಮೇಲೆ ನನಗೆ ಮಗ ಹುಟ್ಟಿದ. ಅವನು ಅಂಬೆಗಾಲಿಡುವ ಹೊತ್ತಿಗೆ ಒಂದು ಬೇಸಿಗೆಯಲ್ಲಿ ದಾಕು ಹಾಕುವವನು ಮತ್ತೆ ಬಂದ. ಅದೇ ಮನುಷ್ಯ, ಚೀಲ ಮಾತ್ರ ಬೇರೆ. ಅತ್ತೆ ಹೊಲಕ್ಕೆ ಹೋಗಿದ್ದಳು. ನಾನೇ ಮಗುವಿನ ತೋಳು ಹಿಡಿದು ಅವನ ಮುಂದೆ ಕೂತೆ. ಮಗು ಕೇರಿಗೆಲ್ಲ ಕೇಳುವಂತೆ ಅತ್ತಿತು. ಗಾಯ ಒಣಗಿ ತೋಳಿನ ಮೇಲೆ ಗುಂಡಗೆ ಎರಡು ಗುರುತು ಉಳಿದವು.

ಅತ್ತೆ ನೋಡಿದಳು. ಬೈಯುತ್ತಾಳೆ ಎಂದು ಸೊಂಟ ಕಟ್ಟಿ ನಿಂತಿದ್ದೆ, ಬೈಯಲಿಲ್ಲ. ಮಗುವನ್ನು ಎತ್ತಿಕೊಂಡಾಗಲೆಲ್ಲ ಹೆಬ್ಬೆರಳಿನಿಂದ ಆ ಗುರುತನ್ನು ಸವರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಕುಂಡಗಳಿಗೆ ಗೊಬ್ಬರ ಜರಡಿ ಹಿಡಿಯುತ್ತಿದ್ದೆ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದಳು. ಅವಳ ಕಣ್ಣು ಮೂಲೆಯ ಗುಡಾಣದ ಮೇಲೆ ಇತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ನಿಂಗೇನು ಅನ್ನಿಸ್ತೈತೆ? ಆವತ್ತು ಆ ಕುಂಡ ಹೊಸಿಲು ದಾಟಿಸದಿದ್ರೆ ಪುಟ್ಟಿ ಉಳಿತಿತ್ತೇನು?"

ಉಳಿಯುತ್ತಿರಲಿಲ್ಲ. ಕುಂಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದು ನನಗೆ ಗೊತ್ತಿತ್ತು. ಆ ಮಾತು ಬಾಯಿಯ ತುದಿಗೆ ಬಂದಿತ್ತು ಕೂಡ. ಆದರೆ ಕುಂಡದ್ದಲ್ಲ ತಪ್ಪು ಎಂದರೆ ಮತ್ತೆ ಯಾತರದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಅದರ ಉತ್ತರ ಅವಳ ತೊಡೆಯ ಮೇಲೆ, ಮಗುವಿನ ತೋಳಿನಲ್ಲಿ ಇತ್ತು. ಅವಳ ಕಣ್ಣು ಆಗಲೇ ಗುಡಾಣದವರೆಗೆ ಹೋಗಿತ್ತು. ಕುಂಡವನ್ನಾದರೆ ಮಗಳು ಕೇಳಿದಳು ಎಂದು ಹೊರಗೆ ಇಟ್ಟಳು. ಗುಡಾಣಕ್ಕೆ ಇಳಿಸಿದ್ದು ಅವಳೇ, ತನ್ನ ಬುದ್ಧಿಯಿಂದ, ನಗುನಗುತ್ತ. ಎರಡರಲ್ಲಿ ಯಾವುದನ್ನು ಹೊತ್ತುಕೊಂಡು ಬದುಕಬಹುದು ಎಂದು ನಾನು ಲೆಕ್ಕ ಹಾಕಿದೆ. ನನ್ನ ತಲೆ ಅಷ್ಟು ಬೇಗ ಓಡಿದ್ದು ಅದೊಂದೇ ಸಲ.

"ಉಳಿತಿತ್ತೋ ಏನೋ" ಎಂದೆ. "ಕುಂಡ ದಾಟಿಸಿದ್ದೇ ತಪ್ಪಾತು ಬಿಡ್ರಿ ಅತ್ತೆ."

ಅವಳು ತಲೆ ಆಡಿಸಿದಳು. "ಹೌದಲ್ಲ" ಎಂದಳು. "ನಾನೂ ಅದನ್ನೇ ಅನ್ಕಂಡಿದ್ದೆ."

ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, ಎದ್ದು ಹೋಗಿ, ನೀರಿನ ಗಡಿಗೆಯ ಕೆಳಗಿನ ಮರಳಿನಿಂದ ಬೀಜದ ಗಂಟು ತೆಗೆದಳು. ಅಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

"ಇನ್ನೂ ಬಿರಿದಿಲ್ಲ" ಎಂದು ಮತ್ತೆ ಹೂಳಿದಳು.